ಬ್ಯಾಕಪ್ ಜಾಗ ಬೇಗ ತುಂಬುತ್ತಿದೆಯೇ?

ಪ್ರಶ್ನೆ: ನಮ್ಮ ಸಹಕಾರಿ ಬ್ಯಾಂಕಿನಲ್ಲಿ ಬ್ಯಾಕಪ್‌ಗೆಂದು ಡಿಡುಪ್ಲಿಕೇಶನ್ ಸ್ಟೋರೇಜ್ ಹಾಕಿಸಿದ್ದೇವೆ. ಆದರೂ ಜಾಗ ಬೇಗ ತುಂಬುತ್ತಿದೆ. ಏನು ಮಾಡಲಿ?

ಉತ್ತರ: ಹೊಸ ಡಿಸ್ಕ್ ಕೊಳ್ಳುವ ಮೊದಲು ಬ್ಯಾಕಪ್ ಸಾಫ್ಟ್‌ವೇರ್‌ನ ಸೆಟ್ಟಿಂಗ್ ನೋಡಿ. ಈ ಸ್ಟೋರೇಜ್ ಬಂದ ಡೇಟಾವನ್ನು ತುಂಡುಗಳಾಗಿ ಒಡೆದು, ತನ್ನಲ್ಲಿ ಆಗಲೇ ಇರುವ ತುಂಡನ್ನು ಮತ್ತೆ ಬರೆಯದೆ ಜಾಗ ಉಳಿಸುತ್ತದೆ. ಸಾಫ್ಟ್‌ವೇರ್ ಮೊದಲೇ ಕಂಪ್ರೆಸ್ ಅಥವಾ ಎನ್‌ಕ್ರಿಪ್ಟ್ ಮಾಡಿ ಕಳಿಸಿದರೆ ತುಂಡುಗಳ ಹೋಲಿಕೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ವೀಮ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸುತ್ತಿದ್ದರೆ, ಬರೆಯುವ ಮುನ್ನ ಡಿಕಂಪ್ರೆಸ್ ಮಾಡುವ ಆಯ್ಕೆ ರೆಪಾಸಿಟರಿ ಸೆಟ್ಟಿಂಗ್‌ನಲ್ಲಿದೆ. ಅದನ್ನು ಆನ್ ಮಾಡಿ. ಎನ್‌ಕ್ರಿಪ್ಶನ್ ಕೆಲಸವನ್ನು ಸ್ಟೋರೇಜ್‌ಗೇ ಬಿಡಿ.

ಜೋಡಣೆಯ ಬಗೆಯೂ ಮುಖ್ಯ. ನಿಮ್ಮ ಸ್ಟೋರೇಜ್ ಡೇಟಾ ಡೊಮೇನ್ ಆಗಿದ್ದರೆ ಬರೀ ಎನ್‌ಎಫ್‌ಎಸ್ ಶೇರ್ ಸಾಲದು, ಅದರದೇ ಡಿಡಿ ಬೂಸ್ಟ್ ಜೋಡಣೆ ಬಳಸಿ. ಆಗ ತುಂಡುಗಳನ್ನು ಹೋಲಿಸುವ ಕೆಲಸದ ಒಂದು ಪಾಲು ಬ್ಯಾಕಪ್ ಸರ್ವರ್‌ನಲ್ಲೇ ಮುಗಿದು, ಹೊಸ ತುಂಡುಗಳಷ್ಟೇ ನೆಟ್‌ವರ್ಕ್ ದಾಟುತ್ತವೆ. ನೆಟ್‌ಬ್ಯಾಕಪ್ ಇದ್ದರೆ ಮೀಡಿಯಾ ಸರ್ವರ್‌ನಲ್ಲಿ ಡಿಡಿ ಬೂಸ್ಟ್ ಪ್ಲಗಿನ್ ಹಾಕಬೇಕು.

ಹಳೆಯ ಬ್ಯಾಕಪ್ ಅಳಿಸಿದ ಕೂಡಲೇ ಜಾಗ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಯಾವ ಬ್ಯಾಕಪ್‌ಗೂ ಬೇಡವಾದ ತುಂಡುಗಳನ್ನು ತೆಗೆಯುವ ಕ್ಲೀನಿಂಗ್ ಮುಗಿದ ಮೇಲಷ್ಟೇ ಸಿಗುತ್ತದೆ. ಅದರ ವೇಳೆ ಬ್ಯಾಕಪ್ ವೇಳೆಗೆ ಅಡ್ಡ ಬರದಂತೆ ಹೊಂದಿಸಿ.

ಒಂದು ಎಚ್ಚರಿಕೆ: ಚದುರಿದ ತುಂಡುಗಳನ್ನು ಮತ್ತೆ ಜೋಡಿಸಬೇಕಾದ್ದರಿಂದ ರಿಸ್ಟೋರ್ ನಿಧಾನ. ಇತ್ತೀಚಿನ ಕೆಲವು ದಿನಗಳ ಬ್ಯಾಕಪ್ ಸಾಧಾರಣ ಡಿಸ್ಕ್‌ನಲ್ಲೂ ಇರಲಿ. ಒಂದೇ ತುಂಡನ್ನು ಹಲವು ಬ್ಯಾಕಪ್‌ಗಳು ನೆಚ್ಚಿಕೊಂಡಿರುವುದರಿಂದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಿ. ಅದು ಗ್ರಾಹಕರ ಹಣಕ್ಕೆ ನೀವು ಕೊಡುವ ನಿಜವಾದ ಭದ್ರತೆ.