ಆಟದಲ್ಲೇ ಕಥೆಯಿರುವಾಗ ಚಿತ್ರಕಥೆ ಬೇರೆ ಏಕೆ?

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಸೆಂಟರಿನಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡಿ ಬೆಳೆದವನು ನಾನು. ಮುಂದೆ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಆಟವನ್ನೂ ಆಡಿ ಮುಗಿಸಿದೆ. ಆದರೆ ಅದೇ ಹೆಸರಿನ ಸಿನಿಮಾ ನೋಡಿದರೆ ರಾಜಕುಮಾರಿಯ ಹೆಸರೂ ಬೇರೆ, ಊರೂ ಬೇರೆ, ಮರಳಿನ ಭೂತಗಳಂತೂ ಇಲ್ಲವೇ ಇಲ್ಲ. ಆಟದಲ್ಲಿ ಕಥೆ, ಪಾತ್ರ, ಮಾತು, ದೃಶ್ಯ ಎಲ್ಲವೂ ಸಿದ್ಧವಾಗಿಯೇ ಇರುತ್ತವಲ್ಲ, ಅದನ್ನೇ ಸಿನಿಮಾ ಮಾಡದೆ ಹೊಸದಾಗಿ ಚಿತ್ರಕಥೆ ಬರೆಯುವುದು ಏಕೆ? ನನಗೂ ಮೆಚ್ಚಿನ ಆಟವೊಂದಕ್ಕೆ ಚಿತ್ರಕಥೆ ಬರೆಯುವ ಆಸೆಯಿದೆ. ಎಲ್ಲಿಂದ ಶುರು ಮಾಡಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮೆಚ್ಚಿನ ಆಟ ತೆರೆಗೆ ಬಂದಾಗ ಬಹಳ ಮಂದಿಗೆ ಇದೇ ಅಸಮಾಧಾನವಾಗುತ್ತದೆ. ಅದು ಸಹಜವೂ ಹೌದು. ನೀವು ಅಲ್ಲಿಗೇ ನಿಲ್ಲದೆ ‘ಏಕೆ’ ಎಂದು ಕೇಳಿದ್ದೀರಿ, ಅದು ಸಂತೋಷದ ಸಂಗತಿ. ನಿಮ್ಮ ಸಂದೇಹದಲ್ಲಿ ಎರಡು ಭಾಗಗಳಿವೆ. ಆಟದ ಕಥೆಯನ್ನು ಇದ್ದ ಹಾಗೆಯೇ ಏಕೆ ತೆರೆಗೆ ತರಲಾಗದು ಎಂಬುದು ಒಂದು. ಬದಲಾಯಿಸಲೇಬೇಕಾದರೆ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದು ಇನ್ನೊಂದು. ನೀವು ಹೆಸರಿಸಿದ ಆಟವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲಿಗೆ, ಆಟದಲ್ಲಿ ಕಥೆ ಎಲ್ಲಿರುತ್ತದೆ ಎಂಬುದನ್ನು ನೋಡೋಣ. ಅಮೆರಿಕದ ಜೋರ್ಡನ್ ಮೆಕ್ನರ್ ರೂಪಿಸಿದ ಮೊದಲ ‘ಪ್ರಿನ್ಸ್ ಆಫ್ ಪರ್ಷಿಯಾ’ 1989ರಲ್ಲಿ ಬಂತು. ಓಡುವುದು, ಜಿಗಿಯುವುದು, ಅಂಚು ಹಿಡಿದು ತೂಗಾಡುವುದು ಇವನ್ನೆಲ್ಲ ಅವರು ತಮ್ಮ ಕಿರಿಯ ಸಹೋದರನಿಂದ ಮಾಡಿಸಿ ವಿಡಿಯೊ ತೆಗೆದು, ಆ ಚಿತ್ರಗಳನ್ನು ನೋಡಿಕೊಂಡು ರಾಜಕುಮಾರನ ಚಲನೆಯನ್ನು ರಚಿಸಿದರು. ಆ ಆಟದ ಕಥೆ ಎರಡೇ ವಾಕ್ಯದ್ದು: ಮಂತ್ರಿ ಜಾಫರ್ ರಾಜಕುಮಾರಿಯನ್ನು ಸೆರೆಯಲ್ಲಿಟ್ಟಿದ್ದಾನೆ, 60 ನಿಮಿಷದೊಳಗೆ ನೆಲಮಾಳಿಗೆಯಿಂದ ಹೊರಬಿದ್ದು ಅವಳನ್ನು ಬಿಡಿಸಬೇಕು.

ಆದರೂ ಅದು ನಿಮ್ಮ ಮನಸ್ಸಿನಲ್ಲಿ ದೊಡ್ಡ ಕಥೆಯಾಗಿ ಉಳಿದಿದೆ. ಕಾರಣ ಹುಡುಕಲು ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಿ. ದಾರಿಗಡ್ಡವಾಗಿ ಕನ್ನಡಿಯೊಂದು ಬರುತ್ತದೆ. ಓಡಿಬಂದು ಅದರೊಳಕ್ಕೆ ಜಿಗಿದರೆ ನಿಮ್ಮ ನೆರಳು ಬೇರ್ಪಟ್ಟು ಆಚೆ ಓಡಿಹೋಗುತ್ತದೆ. ಮುಂದೆ ಅದೇ ನೆರಳು ನಿಮ್ಮ ಔಷಧ ಕುಡಿದುಬಿಡುತ್ತದೆ, ಬಾಗಿಲು ಮುಚ್ಚಿ ನಿಮ್ಮನ್ನು ಕೆಳಕ್ಕೆ ಬೀಳಿಸುತ್ತದೆ. ಕೊನೆಗೊಮ್ಮೆ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ. ನೀವು ಹೊಡೆಯುತ್ತೀರಿ, ಅದಕ್ಕೆ ಬಿದ್ದ ಪೆಟ್ಟು ನಿಮ್ಮ ಪ್ರಾಣವನ್ನೂ ಕುಗ್ಗಿಸುತ್ತದೆ. ಅದನ್ನು ಕೊಂದರೆ ನೀವೂ ಸಾಯುತ್ತೀರಿ. ಕತ್ತಿಯನ್ನು ಒರೆಗೆ ಸೇರಿಸಿ ನೆರಳಿನತ್ತ ನಡೆದರೆ ಇಬ್ಬರೂ ಒಂದಾಗುತ್ತೀರಿ. ಈ ಪ್ರಸಂಗದಲ್ಲಿ ಒಂದೂ ಸಂಭಾಷಣೆಯಿಲ್ಲ. ಕತ್ತಿ ಇಳಿಸಬೇಕೆಂದು ಯಾರೂ ಹೇಳುವುದಿಲ್ಲ. ಸತ್ತು ಸತ್ತು ನೀವೇ ಅದನ್ನು ಕಂಡುಕೊಳ್ಳಬೇಕು. ಆಟದ ಕಥೆಯ ದೊಡ್ಡ ಪಾಲು ಹೀಗೆ ಆಡುವವನ ಕೈಯಲ್ಲೇ ನಡೆಯುತ್ತದೆ.

ಈಗ ಇದನ್ನೇ ಸಿನಿಮಾದಲ್ಲಿ ಊಹಿಸಿ. ಪ್ರೇಕ್ಷಕನ ಕೈಯಲ್ಲಿ ಕತ್ತಿಯಿಲ್ಲ, ಇಳಿಸುವ ಆಯ್ಕೆಯೂ ಇಲ್ಲ. ತೇರಿನ ಹಗ್ಗ ಹಿಡಿದು ಎಳೆಯುವವನ ಅನುಭವ ಒಂದು, ಜಗಲಿಯ ಮೇಲೆ ನಿಂತು ತೇರು ನೋಡುವವನದು ಇನ್ನೊಂದು. ಚಿತ್ರಕಥೆಗಾರ ಬರೆಯುವುದು ಜಗಲಿಯ ಮೇಲಿರುವವನಿಗಾಗಿ. ಕೈ ಮಾಡುತ್ತಿದ್ದ ನಿರ್ಧಾರವನ್ನು ಆತ ಪಾತ್ರದ ಮನಸ್ಸಿಗೆ ವರ್ಗಾಯಿಸಬೇಕು, ಆ ನಿರ್ಧಾರದ ಬೆಲೆ ಏನೆಂಬುದು ನೋಡುವವನಿಗೂ ಮುಟ್ಟಬೇಕು. ಆಟದಿಂದ ಚಿತ್ರಕಥೆ ಮಾಡುವ ಕೆಲಸದ ತಿರುಳು ಇಷ್ಟೇ.

ಇಲ್ಲಿ ಒಂದು ಗೊಂದಲ ಏಳಬಹುದು. ‘ಮೊದಲಿನ ಆಟಗಳಲ್ಲಿ ಮಾತಿರಲಿಲ್ಲ, ಸರಿ. ಈಗಿನ ಆಟಗಳಲ್ಲಿ ಗಂಟೆಗಟ್ಟಲೆ ಕಟ್‌ಸೀನ್‌ಗಳಿರುತ್ತವೆ, ಅವನ್ನು ಒಟ್ಟಿಗೆ ಜೋಡಿಸಿದರೆ ಸಿನಿಮಾ ಆಗುವುದಿಲ್ಲವೇ?’ ಎಂದು ನೀವು ಕೇಳಬಹುದು. ಆಗುವುದಿಲ್ಲ. ಕಟ್‌ಸೀನ್ ಎಂದರೆ ಎರಡು ಹೋರಾಟಗಳ ನಡುವಿನ ವಿರಾಮ. ಅರ್ಧ ಗಂಟೆ ಒದ್ದಾಡಿ ಬಾಗಿಲು ದಾಟಿದವನಿಗೆ ಅಲ್ಲಿ ಸಿಗುವ ಎರಡು ನಿಮಿಷದ ಮಾತು ಸಾಕೆನಿಸುತ್ತದೆ, ಏಕೆಂದರೆ ಆತಂಕ, ದಣಿವು, ಗೆಲುವು ಎಲ್ಲವೂ ಆಗಲೇ ಅವನೊಳಗೆ ತುಂಬಿರುತ್ತವೆ. ನಡುವಿನ ಅರ್ಧ ಗಂಟೆ ತೆಗೆದುಹಾಕಿದರೆ ಉಳಿಯುವುದು ಕಾರಣವಿಲ್ಲದ ಮಾತುಗಳ ಸರಣಿ. ಉದ್ದದ ಸಮಸ್ಯೆ ಇದ್ದೇ ಇದೆ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಹಾಲಿವುಡ್ಡಿನ ರೂಢಿಯ ಲೆಕ್ಕ. ಹತ್ತಾರು ಗಂಟೆಯ ಆಟವನ್ನು ಎರಡು ಗಂಟೆಗೆ ಇಳಿಸಬೇಕು. ಆದರೆ ಕತ್ತರಿಸುವುದು ಸುಲಭದ ಭಾಗ. ಆಡುವವನು ತನ್ನ ಶ್ರಮದಿಂದ ತುಂಬುತ್ತಿದ್ದ ಜಾಗವನ್ನು ಬರವಣಿಗೆಯಿಂದ ತುಂಬುವುದು ಕಷ್ಟದ್ದು.

ಈಗ ನೀವು ಆಡಿದ ಎರಡನೆಯ ಆಟಕ್ಕೆ ಬರೋಣ. ‘ದಿ ಸ್ಯಾಂಡ್ಸ್ ಆಫ್ ಟೈಮ್’ 2003ರಲ್ಲಿ ಯೂಬಿಸಾಫ್ಟ್ ಸಂಸ್ಥೆಯ ಮಾಂಟ್ರಿಯಲ್ ತಂಡದಿಂದ ಬಂತು. ಕಥೆ, ಸಂಭಾಷಣೆ ಮೆಕ್ನರ್ ಅವರದೇ. ಇದಕ್ಕೆ ನಮ್ಮ ನೆಲದ ನಂಟೂ ಇದೆ. ಪರ್ಷಿಯಾದ ಸೇನೆ ಭಾರತದ ಮಹಾರಾಜನೊಬ್ಬನ ಅರಮನೆಗೆ ನುಗ್ಗುವಲ್ಲಿಂದ ಆಟ ಆರಂಭವಾಗುತ್ತದೆ. ನಾಯಕಿ ಫರಾ ಆ ಮಹಾರಾಜನ ಮಗಳು. ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿ ರಾಜಕುಮಾರನಿಗೆ ಸಿಗುತ್ತದೆ. ಮಹಾರಾಜನ ಮಂತ್ರಿಯ ಮಾತಿಗೆ ಮರುಳಾಗಿ ಅವನು ಮರಳಿನ ಗಡಿಯಾರವನ್ನು ತೆರೆಯುತ್ತಾನೆ, ಅವನು, ಫರಾ, ಮಂತ್ರಿ ಈ ಮೂವರನ್ನು ಬಿಟ್ಟು ಸುತ್ತಲಿನ ಜನರೆಲ್ಲ ಮರಳಿನ ಭೂತಗಳಾಗುತ್ತಾರೆ. ಅವನ ತಂದೆಯೂ ಅವರಲ್ಲೊಬ್ಬ. ತಾನೇ ಮಾಡಿದ ತಪ್ಪನ್ನು ತಾನೇ ಅಳಿಸಲು ಹೊರಟವನ ಕಥೆ ಅದು.

ಆ ಆಟದ ನಿರೂಪಣೆಯನ್ನು ಗಮನಿಸಿ. ಇಡೀ ಕಥೆಯನ್ನು ರಾಜಕುಮಾರನೇ ಯಾರಿಗೋ ಹೇಳುತ್ತಿರುತ್ತಾನೆ. ನೀವು ಜಿಗಿಯುವಾಗ ತಪ್ಪಿ ಪ್ರಪಾತಕ್ಕೆ ಬಿದ್ದು ಸತ್ತರೆ, ‘ಇಲ್ಲ, ನಡೆದದ್ದು ಹಾಗಲ್ಲ’ ಎಂಬರ್ಥದ ಮಾತಾಡಿ ಅವನು ಕಥೆಯನ್ನು ಸರಿಪಡಿಸಿಕೊಳ್ಳುತ್ತಾನೆ. ನಿಮ್ಮ ಸೋಲು ಕಥೆಗಾರನ ಬಾಯ್ತಪ್ಪಾಗಿಬಿಡುತ್ತದೆ. ಕೊನೆಯಲ್ಲಿ ತಿಳಿಯುವುದೇನೆಂದರೆ ಅವನು ಹೇಳುತ್ತಿದ್ದುದು ಫರಾಳಿಗೆ. ಕಾಲ ಹಿಂದಕ್ಕೆ ಸರಿದಿರುವುದರಿಂದ ಅವಳಿಗೆ ಏನೂ ನೆನಪಿಲ್ಲ, ನಂಬಿಕೆಯೂ ಇಲ್ಲ. ಚಿಕ್ಕಂದಿನಲ್ಲಿ ತಾಯಿ ಅವಳಿಗೆ ಹೇಳಿಕೊಟ್ಟಿದ್ದ, ಬೇರೆ ಯಾರಿಗೂ ಗೊತ್ತಿರದ ಗುಟ್ಟಿನ ಮಾತೊಂದಿತ್ತು. ಅದನ್ನು ಉಚ್ಚರಿಸಿ ಅವನು ಹೊರಟುಹೋಗುತ್ತಾನೆ. ಆ ಮಾತು ‘ಕಾಕೋಲೂಕೀಯಂ’, ಅಂದರೆ ಪಂಚತಂತ್ರದಲ್ಲಿ ಕಾಗೆ ಗೂಬೆಗಳ ವೈರವನ್ನು ಹೇಳುವ ಮೂರನೆಯ ತಂತ್ರದ ಹೆಸರು.

ಇಷ್ಟು ಬಿಗಿಯಾದ ಕಥೆಯಿದ್ದೂ 2010ರ ಡಿಸ್ನಿ ಚಿತ್ರ ಬೇರೆ ದಾರಿ ಹಿಡಿಯಿತು. ಜೆರ್ರಿ ಬ್ರೂಕ್‌ಹೈಮರ್ ನಿರ್ಮಾಪಕರು, ಮೈಕ್ ನ್ಯೂವೆಲ್ ನಿರ್ದೇಶಕರು. ಬದಲಾವಣೆಯನ್ನು ಹೊರಗಿನವರು ಹೇರಿದರೆಂದು ನೀವು ಭಾವಿಸಿರಬಹುದು. ವಾಸ್ತವದಲ್ಲಿ ಚಿತ್ರದ ಕಥೆ ಮೆಕ್ನರ್ ಅವರದೇ. ಅದರ ಮೇಲೆ ಬೋವಜ್ ಯಾಕಿನ್, ಡಗ್ ಮಿರೊ, ಕಾರ್ಲೊ ಬರ್ನಾರ್ಡ್ ಚಿತ್ರಕಥೆ ಬರೆದರು. ಆಟವನ್ನು ಯಥಾವತ್ತಾಗಿ ತೆರೆಗೆ ತರುವುದಿಲ್ಲ, ಅದರ ಕೆಲವು ಅಂಶಗಳನ್ನು ಬಳಸಿ ಹೊಸ ಕಥೆ ಕಟ್ಟುತ್ತೇವೆ ಎಂದು ಮೆಕ್ನರ್ ಮೊದಲೇ ಹೇಳಿದ್ದರು. ನಿರ್ಮಾಪಕರನ್ನು ಒಪ್ಪಿಸಲು ಆಟದ ದೃಶ್ಯಗಳನ್ನೇ ಜೋಡಿಸಿ ಟ್ರೇಲರ್ ಮಾಡಿ ತೋರಿಸಿದ್ದವರೂ ಅವರೇ.

ಏನು ಬದಲಾಯಿತು? ಆಟದಲ್ಲಿ ನಾಯಕನಿಗೆ ಹೆಸರಿಲ್ಲ, ಏಕೆಂದರೆ ಆ ಜಾಗದಲ್ಲಿ ನೀವಿದ್ದೀರಿ. ತೆರೆಯ ಮೇಲೆ ಅವನು ದಸ್ತಾನ್ ಆದ. ಬೀದಿಯಿಂದ ಬಂದು ರಾಜನ ಸಾಕುಮಗನಾದವನು. ಅವನಿಗೆ ಟಸ್, ಗಾರ್ಸಿವ್ ಎಂಬ ಅಣ್ಣಂದಿರು, ನಿಜಾಮ್ ಎಂಬ ಚಿಕ್ಕಪ್ಪ. ಭಾರತದ ಅರಮನೆಯ ಬದಲು ಆಲಮತ್ ಎಂಬ ಪವಿತ್ರ ನಗರ, ಫರಾಳ ಬದಲು ತಮೀನಾ. ಭೂತಗಳನ್ನು ಬಿಟ್ಟದ್ದಕ್ಕೂ ಕಾರಣ ಊಹಿಸಬಹುದು. ಎಲ್ಲರೂ ಭೂತಗಳಾದರೆ ಮಾತಾಡಲು ಉಳಿಯುವುದು ಮೂರೇ ಜನ. ಆಟಕ್ಕೆ ಅದು ಸಾಕು, ಎರಡು ಗಂಟೆಯ ಚಿತ್ರಕ್ಕೆ ಸಾಲದು.

ಆದರೆ ಕಠಾರಿ ಉಳಿಯಿತು, ಅದನ್ನು ಉಳಿಸಿಕೊಂಡ ರೀತಿಯಲ್ಲಿ ನಿಮ್ಮಂಥ ಬರಹಗಾರರಿಗೆ ಪಾಠವಿದೆ. ಆಟದಲ್ಲಿ ಗುಂಡಿ ಒತ್ತಿ ಕಾಲವನ್ನು ಹಿಂದೆ ತಿರುಗಿಸುವುದು ದಿನನಿತ್ಯದ ಕೆಲಸ. ಅದನ್ನೇ ತೆರೆಯ ಮೇಲೆ ನೂರು ಸಲ ತೋರಿಸಿದರೆ ಸಾವಿನ ಭಯವೇ ಹೋಗುತ್ತದೆ. ಅದಕ್ಕೆ ಚಿತ್ರ ಕಠಾರಿಗೆ ಶಕ್ತಿ ಕೊಡುವ ಮರಳಿನ ಪ್ರಮಾಣವನ್ನು ಕಡಿಮೆ ಮಾಡಿತು, ಶಕ್ತಿಯನ್ನು ಅಪರೂಪವಾಗಿಸಿತು. ಆಮೇಲೆ ಈ ದೃಶ್ಯ ಬರುತ್ತದೆ: ತಂದೆಯನ್ನು ಕೊಂದ ಆರೋಪ ಹೊತ್ತ ದಸ್ತಾನ್ ಅಣ್ಣ ಟಸ್‌ನ ಎದುರು ನಿಂತಿದ್ದಾನೆ. ಮಾತಿನಿಂದ ನಂಬಿಸಲು ಆಗುವುದಿಲ್ಲ. ಹಿಡಿಯ ಮೇಲಿನ ಹರಳನ್ನು ಒತ್ತುವಂತೆ ಹೇಳಿ, ಅದೇ ಕಠಾರಿಯಿಂದ ತನ್ನನ್ನು ತಾನೇ ಇರಿದುಕೊಳ್ಳುತ್ತಾನೆ. ಅವನ ಜೀವ ಈಗ ಅಣ್ಣನ ಹೆಬ್ಬೆರಳಿನಲ್ಲಿದೆ. ಟಸ್ ಒತ್ತುತ್ತಾನೆ, ಕಾಲ ಹಿಂದೆ ಸರಿಯುತ್ತದೆ, ತಮ್ಮ ಬದುಕುತ್ತಾನೆ. ಆಟದಲ್ಲಿ ನಮ್ಮ ಬೆರಳು ನೂರಾರು ಸಲ ಯೋಚಿಸದೆ ಮಾಡಿದ್ದನ್ನು ಇಲ್ಲಿ ಒಬ್ಬ ಅಣ್ಣ ಒಮ್ಮೆ ಯೋಚಿಸಿ ಮಾಡುತ್ತಾನೆ. ನಂಬಿಕೆಯ ಪ್ರಶ್ನೆ ಸೇರಿದ್ದರಿಂದ ಗುಂಡಿಯೊತ್ತುವ ಕ್ರಿಯೆ ನಾಟಕವಾಯಿತು.

ಚಿತ್ರ ಕಳೆದುಕೊಂಡದ್ದೂ ಇದೆ, ಅದನ್ನೂ ಹೇಳಬೇಕು. ಆಟದ ರಾಜಕುಮಾರ ನಿಜವಾಗಿ ತಪ್ಪಿತಸ್ಥ. ಕೀರ್ತಿಯ ಆಸೆಯಿಂದ ಅನಾಹುತ ತಂದವನು. ಚಿತ್ರದ ದಸ್ತಾನ್ ಮುಖ್ಯವಾಗಿ ಸುಳ್ಳು ಆರೋಪಕ್ಕೆ ಗುರಿಯಾದವನು. ನಿಜವಾದ ಕುತಂತ್ರ ನಿಜಾಮನದು. ಕಾಲವನ್ನು ತಿರುಗಿಸುವ ಶಕ್ತಿಗೆ ಹೆಚ್ಚು ತೂಕ ಬರುವುದು ತನ್ನ ತಪ್ಪನ್ನು ಅಳಿಸಬೇಕಾದವನ ಕೈಯಲ್ಲಿ. ನಿಮಗೆ ಚಿತ್ರ ಸಪ್ಪೆಯೆನಿಸಿದ್ದರೆ ಭೂತಗಳಿಲ್ಲದ್ದಕ್ಕಿಂತ ಈ ಪಶ್ಚಾತ್ತಾಪ ತೆಳುವಾದದ್ದೇ ಅದಕ್ಕೆ ಕಾರಣ ಎಂದು ನನ್ನ ಅಭಿಪ್ರಾಯ. ಹೆಸರು, ಊರು ಬದಲಾದರೆ ಆಟ ಕೆಡುವುದಿಲ್ಲ. ಅದರ ನೋವು ಬದಲಾದರೆ ಕೆಡುತ್ತದೆ.

ಬದಲಾವಣೆಯಿಂದ ಲಾಭವಾದ ಉದಾಹರಣೆಯೂ ಬೇಕಲ್ಲ? ಸಿನಿಮಾ ಅಲ್ಲದಿದ್ದರೂ ಎಚ್‌ಬಿಒ 2023ರಲ್ಲಿ ತಂದ ‘ದಿ ಲಾಸ್ಟ್ ಆಫ್ ಅಸ್’ ಸರಣಿಯನ್ನು ನೋಡಿ. 2013ರ ಆಟದ ಲೇಖಕ ನೀಲ್ ಡ್ರಕ್‌ಮನ್, ಕ್ರೇಗ್ ಮೇಜಿನ್ ಜೊತೆ ಸೇರಿ ಅದನ್ನು ರೂಪಿಸಿದರು. ಆಟದಲ್ಲಿ ನೀವು ಬಹುಪಾಲು ನಾಯಕ ಜೋಯೆಲ್‌ನ ಬೆನ್ನ ಹಿಂದೆಯೇ ಇರುತ್ತೀರಿ. ಅವನು ಕಾಣದ್ದು ನಿಮಗೂ ಕಾಣದು. ಹಾಗಾಗಿ ಬಿಲ್ ಎಂಬವನ ಸಂಗಾತಿ ಫ್ರಾಂಕ್ ನಿಮಗೆ ಸಿಗುವುದು ಶವವಾಗಿ, ಕಹಿ ತುಂಬಿದ ಒಂದು ಪತ್ರದೊಂದಿಗೆ. ಸರಣಿಯ ಮೂರನೆಯ ಕಂತು ಜೋಯೆಲ್‌ನನ್ನು ಬದಿಗಿಟ್ಟು, ಬಿಲ್ ಮತ್ತು ಫ್ರಾಂಕ್ ಒಟ್ಟಿಗೆ ಬಾಳಿದ ವರ್ಷಗಳನ್ನೇ ಹೇಳಿತು. ಆಟಕ್ಕೆ ಆಗದ, ಕ್ಯಾಮೆರಾಕ್ಕೆ ಸಲೀಸಾದ ಕೆಲಸ ಅದು. ಮೊದಲ ಸೀಸನ್ನಿನಲ್ಲಿ ಆಟದಲ್ಲಿ ಗಾಳಿಯಲ್ಲಿ ತೇಲಿ ಸೋಂಕು ಹರಡುವ ಶಿಲೀಂಧ್ರದ ಕಣಗಳನ್ನು ಕೈಬಿಟ್ಟರು. ಅವಿದ್ದರೆ ನಟರು ಮುಖವಾಡ ಧರಿಸಬೇಕು, ಮುಖವಾಡ ಧರಿಸಿದರೆ ಮುಖ ಕಾಣದು. ಇಷ್ಟು ಬದಲಾಯಿಸಿದರೂ ಜೋಯೆಲ್ ಕೊನೆಯಲ್ಲಿ ಮಾಡುವ ಆಯ್ಕೆಯನ್ನು ಮಾತ್ರ ಅವರು ಮುಟ್ಟಲಿಲ್ಲ.

ಹಾಗೆಂದು ಬೇಕಾದಂತೆ ಬದಲಾಯಿಸಬಹುದೆಂದಲ್ಲ. 1993ರ ‘ಸೂಪರ್ ಮಾರಿಯೊ ಬ್ರದರ್ಸ್’ ಚಿತ್ರ ಆಟದ ಬಣ್ಣಬಣ್ಣದ ಲೋಕವನ್ನು ಬಿಟ್ಟು, ಡೈನೊಸಾರ್ ವಂಶದವರು ವಾಸಿಸುವ ಕತ್ತಲ ನಗರವೊಂದನ್ನು ಸೃಷ್ಟಿಸಿ ಸೋತಿತು. ಮಾರಿಯೊವಿನ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಸಹನಿರ್ಮಾಪಕರಾಗಿದ್ದ 2023ರ ಅನಿಮೇಷನ್ ಚಿತ್ರ ಆ ಲವಲವಿಕೆಯನ್ನು ಕಾಪಾಡಿಕೊಂಡು 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಆಟದ ಕಥೆಗಿಂತ ಅದರ ಮನೋಭಾವವೇ ಮುಖ್ಯ ಎಂಬುದಕ್ಕೆ ಈ ಜೋಡಿ ಒಳ್ಳೆಯ ಸಾಕ್ಷಿ.

ಇನ್ನು, ನೀವು ಎಲ್ಲಿಂದ ಶುರು ಮಾಡಬೇಕು? ನಾಲ್ಕು ಹೆಜ್ಜೆ ಹೇಳುತ್ತೇನೆ.

ಒಂದು: ಆಟವನ್ನು ಇನ್ನೊಮ್ಮೆ ಆಡಿ. ಈ ಸಲ ಕಥೆಯನ್ನು ಬರೆದುಕೊಳ್ಳಬೇಡಿ. ನಿಮ್ಮ ಕೈ ಯಾವಾಗ ಹಿಂಜರಿಯಿತು, ಯಾವಾಗ ಆತುರಪಟ್ಟಿತು, ಎಲ್ಲಿ ಸೋತು ಸಿಟ್ಟಾದಿರಿ ಎಂದು ಗುರುತು ಹಾಕಿಕೊಳ್ಳಿ.

ಎರಡು: ಆ ಪಟ್ಟಿಯಿಂದ ಒಂದೇ ಭಾವವನ್ನು ಆರಿಸಿ. ಅದು ಒಂಟಿತನವಾಗಿರಬಹುದು, ಪಶ್ಚಾತ್ತಾಪವಾಗಿರಬಹುದು, ಯಾರನ್ನೋ ಕಾಪಾಡಬೇಕೆಂಬ ತವಕವಾಗಿರಬಹುದು. ಚಿತ್ರಕಥೆಯ ಬೆನ್ನೆಲುಬು ಅದೇ. ಅದಕ್ಕೆ ಒದಗದ ಘಟನೆ ಎಷ್ಟೇ ಪ್ರಸಿದ್ಧವಾಗಿದ್ದರೂ ಬಿಡಬಹುದು.

ಮೂರು: ಆಟವನ್ನು ಎಂದೂ ಆಡದ ಒಬ್ಬರಿಗೆ ನಿಮ್ಮ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಿ. ‘ಆಡಿದವರಿಗೆ ಗೊತ್ತಾಗುತ್ತದೆ’ ಎಂದು ನೀವು ಹೇಳಬೇಕಾಗಿ ಬಂದ ಕಡೆಯಲ್ಲೆಲ್ಲ ಬರವಣಿಗೆ ಬಾಕಿಯಿದೆ ಎಂದರ್ಥ.

ನಾಲ್ಕು: ಹಕ್ಕಿನ ವಿಚಾರ. ಅಭ್ಯಾಸಕ್ಕಾಗಿ ಬರೆದು ನಿಮ್ಮ ಬಳಿಯೇ ಇಟ್ಟುಕೊಂಡರೆ ತೊಂದರೆಯಿಲ್ಲ. ಚಿತ್ರೀಕರಿಸಲು, ಮಾರಲು ಹಕ್ಕುದಾರರ ಅನುಮತಿ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ರೂಪಾಂತರದ ಹಕ್ಕು ಕೃತಿಯ ಹಕ್ಕುದಾರರದೇ. ಮೆಕ್ನರ್ ತಮ್ಮ ಆಟದ ಹಕ್ಕನ್ನು ಉಳಿಸಿಕೊಂಡಿದ್ದರಿಂದಲೇ ಸಿನಿಮಾದ ಮಾತುಕತೆಯಲ್ಲಿ ಅವರಿಗೆ ಜಾಗವಿತ್ತು.

ಮೊದಲೇ ಇಡೀ ಚಿತ್ರಕಥೆಗೆ ಕೈಹಾಕಬೇಡಿ. ಕನ್ನಡಿಯಿಂದ ಹೊರಬಂದ ನೆರಳಿನ ಪ್ರಸಂಗವನ್ನೇ ಮೂರು ಪುಟದಲ್ಲಿ ಬರೆದು ನೋಡಿ. ಕತ್ತಿ ಇಳಿಸಬೇಕೆಂದು ರಾಜಕುಮಾರನಿಗೆ ಏಕೆ ಹೊಳೆಯಿತು ಎಂಬುದು, ಯಾರೂ ಬಾಯಿಬಿಟ್ಟು ಹೇಳದೆ, ಓದುವವರಿಗೆ ತಿಳಿಯಬೇಕು. ಅದನ್ನು ಸಾಧಿಸಿದರೆ ಮಿಕ್ಕ ನೂರು ಪುಟಗಳನ್ನು ನೀವು ಧೈರ್ಯವಾಗಿ ಬರೆಯಬಹುದು.