ವಿಯೆನ್ನಾದ ಆ ಒಂದು ವಾರಕ್ಕಾಗಿ

ಪ್ರಬಂಧದ ಸಾರಾಂಶ ಒಪ್ಪಿಗೆಯಾಯಿತು ಎಂಬ ಮೇಲ್ ಬಂದ ಕೂಡಲೇ ನನ್ನ ವಿದ್ಯಾರ್ಥಿಗಳು ಕೇಳುವುದು ಸ್ವೆಟರಿನ ಬಗ್ಗೆ. ಅಲ್ಲಿ ಎಷ್ಟು ಚಳಿ, ಯಾವ ಶೂ ಒಳ್ಳೆಯದು, ಎಷ್ಟು ಕೆ.ಜಿ. ಸಾಮಾನು ಒಯ್ಯಬಹುದು. ನಾನು ಮರಳಿ ಕೇಳುವುದು ಬೇರೆಯೇ: ಪಾಸ್‌ಪೋರ್ಟಿನಲ್ಲಿ ನಿನ್ನ ಹೆಸರು ಹೇಗೆ ಬರೆದಿದೆ?

ನಮ್ಮ ಕಡೆಯ ಹೆಸರುಗಳ ಕಷ್ಟ ನಮಗೇ ಗೊತ್ತು. ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಬಿಡಿಸಿ; ಕೆಲವರಿಗೆ ಸರ್‌ನೇಮ್ ಅಂಕಣವೇ ಖಾಲಿ. ಸಮ್ಮೇಳನದ ನೋಂದಣಿಯಲ್ಲಿ ಒಂದು ರೀತಿ, ಆಹ್ವಾನ ಪತ್ರದಲ್ಲಿ ಇನ್ನೊಂದು ರೀತಿ, ವಿಮಾನದ ಟಿಕೆಟ್ಟಿನಲ್ಲಿ ಮತ್ತೊಂದು ರೀತಿ ಇದ್ದರೆ ವೀಸಾ ಅರ್ಜಿ ನೋಡುವ ಅಧಿಕಾರಿಗೆ ಇವರೆಲ್ಲ ಒಬ್ಬರೇ ಎಂದು ತಿಳಿಯುವ ದಾರಿ ಇಲ್ಲ. ಆದ್ದರಿಂದ ಸಾರಾಂಶ ಕಳಿಸುವ ದಿನದಿಂದಲೇ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಕ್ಷರ ಅಕ್ಷರವೂ ಹಾಗೆಯೇ ಬರೆಯಿರಿ ಎನ್ನುತ್ತೇನೆ.

ನಾನು ಹೇಳುತ್ತಿರುವುದು ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ನಿನ (ಇಜಿಯು) ವಾರ್ಷಿಕ ಮಹಾಸಭೆಯ ಬಗ್ಗೆ. ಕೋವಿಡ್ ಕಾಲವನ್ನು ಬಿಟ್ಟರೆ 2005ರಿಂದಲೂ ಅದು ವಿಯೆನ್ನಾದಲ್ಲೇ, ಏಪ್ರಿಲ್–ಮೇ ಹೊತ್ತಿನ ಒಂದು ವಾರ ನಡೆಯುತ್ತದೆ. ಸಾವಿರಾರು ಭೂವಿಜ್ಞಾನಿಗಳು ಸೇರುತ್ತಾರೆ. ನಮ್ಮ ಕಾಲಡಿಯ ಪುರಾತನ ಶಿಲಾಖಂಡವಾದ ಧಾರವಾಡ ಕ್ರೇಟನ್ ಎಂದರೆ ಅಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನಮ್ಮ ನೆಲದ ಹೆಸರು ನಮಗಿಂತ ಮೊದಲೇ ಅಲ್ಲಿಗೆ ತಲುಪಿದೆ. ಆ ನೆಲದಿಂದ ಬಂದವರು ವೀಸಾ, ಲಗೇಜು, ಊಟ ಎಂದು ಮೂರು ದಿನ ಕಳೆದು, ಉಳಿದೆರಡು ದಿನ ನಿದ್ದೆಗಣ್ಣಲ್ಲಿ ಓಡಾಡಿ ಬರುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮುಂದೆ ಬರೆದಿರುವ ಪ್ರತಿಯೊಂದು ಸಲಹೆಯೂ ಪೋಸ್ಟರಿನ ಮುಂದೆ ನಿಲ್ಲುವ ಹೊತ್ತಿಗೆ ನಿಮ್ಮ ತಲೆ ಹಗುರವಾಗಿರಲಿ ಎಂಬುದಕ್ಕಾಗಿ.

ವೀಸಾದಿಂದ ಶುರು ಮಾಡೋಣ. ಆಸ್ಟ್ರಿಯಾ ಷೆಂಗೆನ್ ವಲಯದ ದೇಶ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ 15 ದಿನ ಎಂದು ನಿಯಮ ಹೇಳುತ್ತದೆ, ಆದರೆ ಅದನ್ನು 45 ದಿನಕ್ಕೆ ವಿಸ್ತರಿಸುವ ಅಧಿಕಾರವೂ ಅದೇ ನಿಯಮದಲ್ಲಿದೆ. ತಡವಾಗುವುದು ಹೆಚ್ಚಾಗಿ ತೀರ್ಮಾನದಲ್ಲಲ್ಲ, ಅರ್ಜಿ ಕೊಡಲು ಸಮಯ ಸಿಗುವುದರಲ್ಲಿ. ಬೇಸಿಗೆ ರಜೆಗೆ ಯುರೋಪಿಗೆ ಹೊರಟ ಕುಟುಂಬಗಳೆಲ್ಲ ಅದೇ ಹೊತ್ತಿಗೆ ಸಾಲಿನಲ್ಲಿರುತ್ತಾರೆ. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು, ಮರಳುವ ದಿನದಿಂದ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು. ಇದರ ಜೊತೆಗೆ ನಾನು ಒತ್ತಿ ಹೇಳುವುದು ಒಂದು ಪುಟದ ಪತ್ರದ ಬಗ್ಗೆ. ನಾನು ಯಾರು, ಯಾವ ಕೆಲಸ ಮಂಡಿಸುತ್ತೇನೆ, ಖರ್ಚು ಯಾರದ್ದು, ಮರಳಿ ಬಂದು ಏನು ಮಾಡುತ್ತೇನೆ ಎಂಬುದನ್ನು ಸರಳವಾಗಿ ಬರೆದ ಪತ್ರ. ಅರ್ಜಿಯ ಜೊತೆಗಿರುವ ಹತ್ತಾರು ಕಾಗದಗಳನ್ನು ಒಂದು ಕಥೆಯಾಗಿ ಹೆಣೆಯುವುದು ಅದೊಂದೇ. ಕಾಲೇಜಿನ ರಜೆ ಮಂಜೂರಾತಿ ಪತ್ರವೂ ಇರಲಿ. ಮರಳಿ ಬರುತ್ತೀರಿ ಎಂಬುದಕ್ಕೆ ಅದು ಒಳ್ಳೆಯ ಪುರಾವೆ. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾಗಳನ್ನು ನಿಯಮಬದ್ಧವಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಹಲವು ಬಾರಿ ಹೋಗಿಬರುವ ವೀಸಾ ಸಿಗುವ ವ್ಯವಸ್ಥೆ 2024ರ ಏಪ್ರಿಲ್‌ನಿಂದ ಬಂದಿದೆ. ಹಾಗಾಗಿ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ.

ಹಣದ ಮಾತು. ಇಜಿಯು ತಾನೇ ಕೊಡುವ ಪ್ರಯಾಣ ನೆರವಿಗೆ ಸಾರಾಂಶದ ಸಾಮಾನ್ಯ ಗಡುವಿಗಿಂತ ಮೊದಲೇ ಅರ್ಜಿ ಹಾಕಬೇಕು. ಬಹಳಷ್ಟು ಮಂದಿ ತಪ್ಪಿಸಿಕೊಳ್ಳುವುದು ಈ ಮೊದಲ ಗಡುವನ್ನು. ನಮ್ಮ ಸರ್ಕಾರಿ ಸಂಸ್ಥೆಗಳ ನೆರವು ಹೆಚ್ಚಾಗಿ ಖರ್ಚಾದ ಮೇಲೆ ಮರಳಿ ಬರುವಂಥದ್ದು. ಅಲ್ಲಿಯವರೆಗೆ ನಿಮ್ಮ ಕೈಯಿಂದ ಹೋಗುತ್ತದೆ. ಸಾಲ ಮಾಡಿ ಹೊರಟ ಮಕ್ಕಳನ್ನು ನಾನು ಬಲ್ಲೆ. ವಿಭಾಗದ ಹಿರಿಯರು ಇದನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳಬೇಕು, ವಿದ್ಯಾರ್ಥಿ ಬಾಯಿಬಿಟ್ಟು ಹೇಳಲಿ ಎಂದು ಕಾಯಬಾರದು.

ಇನ್ನು ಬುತ್ತಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪ, ಧಾರವಾಡ ಪೇಡೆ ಎರಡೂ ಮನೆಯಲ್ಲೇ ಉಳಿಯಲಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವಾಗಲಿ ಮಾವಾಗಲಿ ಒಯ್ಯುವಂತಿಲ್ಲ. ಆದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡೂರಿಯನ್‌ಗಳಿಗೆ ವಿನಾಯಿತಿ ಇದೆ. ಚಟ್ನಿಪುಡಿ, ಹುರಿದ ಅವಲಕ್ಕಿ, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಪುಳಿಯೋಗರೆ ಗೊಜ್ಜು ಸಾಕು. ಅಲ್ಲಿ ಅಕ್ಕಿ ಎಲ್ಲೆಡೆ ಸಿಗುತ್ತದೆ. ಅಡುಗೆಮನೆ ಇರುವ ಕೋಣೆಯನ್ನು ಇಬ್ಬರು ಮೂವರು ಸೇರಿ ಹಿಡಿದರೆ ರಾತ್ರಿಯ ಊಟದ ಖರ್ಚು ಬಹಳ ಇಳಿಯುತ್ತದೆ.

ಬೆಂಗಳೂರಿನಿಂದ ವಿಯೆನ್ನಾಕ್ಕೆ ನಡುವೆ ಎಲ್ಲಾದರೂ ವಿಮಾನ ಬದಲಿಸಬೇಕಾಗುತ್ತದೆ. ಫ್ರಾಂಕ್‌ಫರ್ಟ್, ಮ್ಯೂನಿಕ್‌ನಂಥ ಕಡೆ ಬದಲಿಸಿದರೆ ಇಮಿಗ್ರೇಷನ್ ತಪಾಸಣೆ ಅಲ್ಲೇ ಮುಗಿಯುತ್ತದೆ, ವಿಯೆನ್ನಾದಲ್ಲಲ್ಲ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಸಾಲು ಉದ್ದವಿರುತ್ತದೆ ಎಂದುಕೊಂಡೇ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಬಿಡಿ. ಆಹ್ವಾನ ಪತ್ರ, ವಿಮೆ, ವಸತಿಯ ರಸೀತಿ ಕಾಗದದಲ್ಲೇ ಕೈಚೀಲದಲ್ಲಿರಲಿ.

ಸೋಮವಾರ ಶುರುವಾಗುವ ಸಮ್ಮೇಳನಕ್ಕೆ ಶನಿವಾರವೇ ತಲುಪಬೇಕೆಂಬುದು ನನ್ನ ಹಟ. ವಿಯೆನ್ನಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಆರರೊಳಗೆ ಹಾಲು, ಬ್ರೆಡ್ಡು, ತರಕಾರಿ ತಂದಿಟ್ಟುಕೊಳ್ಳಬೇಕು. ತಪ್ಪಿದರೆ ಪ್ರಾಟರ್‌ಸ್ಟರ್ನ್, ಹೌಪ್ಟ್‌ಬಾನ್‌ಹಾಫ್‌ನಂಥ ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿಗಳೇ ಗತಿ. ಭಾನುವಾರ ಪೂರ್ತಿ ನಿದ್ದೆಗೂ ನಡಿಗೆಗೂ ಇರಲಿ. ನಮಗೂ ಅವರಿಗೂ ಆ ಋತುವಿನಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಬೆಳಗಿನ ಜಾವವೇ ಎಚ್ಚರವಾಗುತ್ತದೆ, ರಾತ್ರಿ ಎಂಟಕ್ಕೆ ಕಣ್ಣು ಮುಚ್ಚುತ್ತದೆ. ಅದನ್ನು ಮೀರಲು ಹೆಣಗದೆ, ಕಠಿಣವಾದ ಉಪನ್ಯಾಸಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಮೇಲು.

ಸಭಾಂಗಣ ಇರುವುದು ಡ್ಯಾನ್ಯೂಬ್ ನದಿಯ ಆಚೆ, ವಿಶ್ವಸಂಸ್ಥೆಯ ಕಟ್ಟಡಗಳ ಪಕ್ಕದ ಆಸ್ಟ್ರಿಯಾ ಸೆಂಟರ್‌ನಲ್ಲಿ. ವಸತಿ ಎಲ್ಲೇ ಹಿಡಿದರೂ ಯು1 ಮೆಟ್ರೋ ಮಾರ್ಗದ ಮೇಲಿರಲಿ; ಕೈಸರ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿದರೆ ಸಭಾಂಗಣ ನಡಿಗೆಯ ದೂರ. ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಹೌಪ್ಟ್‌ಬಾನ್‌ಹಾಫ್‌ಗೆ ಸುಮಾರು ಕಾಲು ಗಂಟೆ, ಅಲ್ಲಿಂದ ಅದೇ ಯು1. ಮೆಟ್ರೋದಲ್ಲಿ ನಮ್ಮಲ್ಲಿಯಂತೆ ಗೇಟುಗಳಿಲ್ಲ. ಕಾಗದದ ಟಿಕೆಟ್ಟನ್ನು ಪ್ರವೇಶದ್ವಾರದ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ಅದು ಇದ್ದೂ ಇಲ್ಲದಂತೆ, ದಂಡ ಬೀಳುತ್ತದೆ. ಕುಡಿಯುವ ನೀರಿಗೆ ಕಾಸು ಕೊಡಬೇಡಿ. 1873ರಲ್ಲಿ ಕಟ್ಟಿದ ಕಾಲುವೆಯಿಂದ ಶುರುವಾಗಿ ಇಂದಿಗೂ ಆಲ್ಪ್ಸ್ ತಪ್ಪಲಿನ ಒರತೆಯ ನೀರೇ ಆ ಊರಿನ ನಲ್ಲಿಗಳಲ್ಲಿ ಬರುತ್ತದೆ. ಬಾಟಲಿ ಒಯ್ಯಿರಿ, ತುಂಬಿಸಿಕೊಳ್ಳಿ. ಕಾರ್ಡ್ ಯಂತ್ರ ರೂಪಾಯಿಯಲ್ಲೋ ಯೂರೋದಲ್ಲೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಎಂದರೆ ವಿನಿಮಯ ದರ ಅವರದ್ದಾಗುತ್ತದೆ. ಲ್ಯಾಪ್‌ಟಾಪಿನ ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ಒಂದು ಅಡಾಪ್ಟರ್ ಬೇಕು.

ಸಸ್ಯಾಹಾರಿಗಳಿಗೆ ಒಂದು ಉಪಯುಕ್ತ ವಿಷಯ. ಆಸ್ಟ್ರಿಯಾದ ಹೋಟೆಲುಗಳ ಮೆನುವಿನಲ್ಲಿ ಪ್ರತಿ ತಿನಿಸಿನ ಮುಂದೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅವು ಅಲರ್ಜಿಯ ಸಂಕೇತಗಳು. ‘ಸಿ’ ಎಂದರೆ ಮೊಟ್ಟೆ, ‘ಡಿ’ ಮೀನು, ‘ಜಿ’ ಹಾಲು. ಸಸ್ಯಾಹಾರ ಎಂದು ಬರೆದ ತಿನಿಸಿನಲ್ಲೂ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ‘ಸಿ’ ಇದೆಯೇ ಎಂದು ನೋಡಿದರೆ ಮಾಣಿಯ ಜೊತೆ ಹೆಣಗಬೇಕಿಲ್ಲ. ಮಾಂಸಕ್ಕೆ ಮಾತ್ರ ಅಕ್ಷರವಿಲ್ಲ, ಸಾರಿಗೆ ಯಾವ ರಸ ಬಳಸಿದ್ದಾರೆಂದು ಕೇಳಿಯೇ ತಿಳಿಯಬೇಕು.

ಈಗ ಮುಖ್ಯ ಸಂಗತಿ. ಅಲ್ಲಿ ಪೋಸ್ಟರ್ ಹಲಗೆಗಳು ಅಡ್ಡ ಆಕಾರದವು. ನಮ್ಮಲ್ಲಿ ರೂಢಿಯಾದ ನಿಲುವಿನ ಪೋಸ್ಟರ್ ಅಲ್ಲಿ ಹೊಂದುವುದಿಲ್ಲ. ಬಟ್ಟೆಯ ಮೇಲೆ ಮುದ್ರಿಸಿ ಮಡಚಿ ಕೈಚೀಲದಲ್ಲಿಟ್ಟರೆ ಉದ್ದನೆಯ ಕೊಳವೆ ಹೊರುವ ಪಾಡೂ ಇಲ್ಲ, ಲಗೇಜಿನೊಡನೆ ಅದು ಕಳೆದುಹೋಗುವ ಭಯವೂ ಇಲ್ಲ. ಹೊರಡುವ ಮೊದಲೇ ಯಾರನ್ನು ಭೇಟಿಯಾಗಬೇಕೆಂದು ಪಟ್ಟಿ ಮಾಡಿ, ಎರಡು ವಾರ ಮೊದಲು ಅವರಿಗೆ ಬರೆಯಿರಿ: ನಿಮ್ಮ ಇಂಥ ಪ್ರಬಂಧ ಓದಿದ್ದೇನೆ, ನನ್ನ ಪೋಸ್ಟರ್ ಇಂಥ ದಿನ ಇಂಥ ಸಂಖ್ಯೆಯಲ್ಲಿದೆ, ಹತ್ತು ನಿಮಿಷ ಬರುವಿರಾ. ದೊಡ್ಡ ಹೆಸರಿನವರೂ ಬರುತ್ತಾರೆ. ಬಂದು ಪ್ರಶ್ನೆ ಕೇಳುತ್ತಾರೆ, ತಿದ್ದುತ್ತಾರೆ, ತಮ್ಮ ಪ್ರಯೋಗಾಲಯದಲ್ಲಿ ಮಾದರಿಗಳ ವಯಸ್ಸು ಅಳೆದುಕೊಡೋಣ ಎನ್ನುತ್ತಾರೆ. ಮೊದಲ ಬಾರಿ ಬರುವವರಿಗೆ ಅನುಭವಿಗಳನ್ನು ಜೊತೆ ಮಾಡುವ ಮೆಂಟರಿಂಗ್ ಕಾರ್ಯಕ್ರಮವೂ ಇಜಿಯುನಲ್ಲಿದೆ. ನಮ್ಮವರು ಸಂಕೋಚಕ್ಕೆ ಹೆಸರು ಕೊಡುವುದಿಲ್ಲ. ದಯವಿಟ್ಟು ಕೊಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ನಾನು ಕುಳ್ಳಿರಿಸಿಕೊಂಡು ಹೇಳುವ ಮಾತಿದು. ಆ ಸಭಾಂಗಣದಲ್ಲಿ ಬಹುಪಾಲು ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಜರ್ಮನರು, ಇಟಲಿಯವರು, ಚೀನಾದವರು ಎಲ್ಲರೂ ಕಲಿತು ಆಡುವವರೇ. ನೀವು ನಿಧಾನಕ್ಕೆ, ಸಣ್ಣ ವಾಕ್ಯಗಳಲ್ಲಿ ಮಾತಾಡಿದರೆ ಅವರಿಗೆ ಅನುಕೂಲವೇ. ಎರಡು ನಿಮಿಷದಲ್ಲಿ ಕೆಲಸವನ್ನು ವಿವರಿಸುವುದನ್ನು ಮನೆಯವರ ಮುಂದೆ ಕನ್ನಡದಲ್ಲೇ ಮೊದಲು ಅಭ್ಯಾಸ ಮಾಡಿ. ನೈಸ್ ಶಿಲೆಯ ಪದರ ಹೇಗೆ ಮಡಚಿಕೊಂಡಿತೆಂದು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಬಲ್ಲವರು ವಿಯೆನ್ನಾದಲ್ಲಿ ತಡವರಿಸುವುದಿಲ್ಲ. ಲಾಲ್‌ಬಾಗಿನ ಬಂಡೆಯ ಒಂದು ಫೋಟೋ ಜೊತೆಗಿರಲಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಶಿಲೆಯನ್ನು ತೋರಿಸಿದರೆ ಮಾತು ತಾನಾಗಿ ಶುರುವಾಗುತ್ತದೆ.

ಅಲ್ಲಿಯವರೆಗೆ ಹೋಗಿದ್ದೇವಲ್ಲ ಎಂದು ಪ್ಯಾರಿಸ್, ಪ್ರಾಗ್ ಎಲ್ಲವನ್ನೂ ಅದೇ ವಾರದಲ್ಲಿ ತುರುಕುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಮುಖಗಳು ಪರಿಚಯವಾಗಿ, ಕಾಫಿಯ ಮೇಜಿನಲ್ಲಿ ಮಾತು ಕುದುರುವ ಸಮಯದಲ್ಲಿ ನಮ್ಮವರು ರೈಲು ಹತ್ತಿರುತ್ತಾರೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು 1889ರಲ್ಲಿ ತೆರೆದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನೋಡಿ. ಅಲ್ಲಿನ ಉಲ್ಕಾಶಿಲೆಗಳ ಸಂಗ್ರಹ ಜಗತ್ಪ್ರಸಿದ್ಧ. 1908ರಲ್ಲಿ ಸಿಕ್ಕ ವಿಲೆನ್‌ಡಾರ್ಫ್‌ನ ಪುಟ್ಟ ಶಿಲಾಮೂರ್ತಿಯೂ ಅಲ್ಲೇ ಇದೆ. ಮಂಗಳವಾರ ರಜೆ, ನೆನಪಿರಲಿ.

ಬೋರ್ಡಿಂಗ್ ಪಾಸ್‌ಗಳನ್ನೂ ಹಾಜರಿಯ ಪ್ರಮಾಣಪತ್ರವನ್ನೂ ಜೋಪಾನ ಮಾಡಿ, ಬಿಲ್ಲು ಪಾಸಾಗುವುದು ಅವುಗಳ ಮೇಲೆ. ಮರಳಿದ ವಾರದೊಳಗೆ ಭೇಟಿಯಾದ ಪ್ರತಿಯೊಬ್ಬರಿಗೂ ಬರೆಯಿರಿ. ಬರೀ ವಂದನೆಯಲ್ಲ, ಅವರು ಕೇಳಿದ ದತ್ತಾಂಶ, ನಕ್ಷೆ, ತೆಳುಛೇದದ ಚಿತ್ರ ಸಮೇತ.