ಗ್ರಾಂಟ್ ರೋಡಿನಲ್ಲಿ ಮೊದಲ ಮಳೆಗಾಲ

ಕುಂದಾಪುರ, ಆಗುಂಬೆ ಕಡೆಯಿಂದ ಮುಂಬಯಿಗೆ ಬಂದವರು ‘ನಾವು ಕಾಣದ ಮಳೆಯೇ?’ ಎನ್ನುವುದುಂಟು. ಮಳೆಯ ಲೆಕ್ಕದಲ್ಲಿ ಅದು ನಿಜ. ಆದರೆ ಊರಲ್ಲಿ ಬಿದ್ದ ನೀರಿಗೆ ತೋಡಿದೆ, ಗದ್ದೆಯಿದೆ. ಇಲ್ಲಿನ ನೀರು ಸಮುದ್ರ ದಾರಿ ಬಿಟ್ಟರೆ ಮಾತ್ರ ಹೋಗುತ್ತದೆ. ನಾನಾ ಚೌಕ, ಲ್ಯಾಮಿಂಗ್ಟನ್ ರೋಡ್, ಭಾಜಿ ಗಲ್ಲಿಯ ಆಸುಪಾಸಿನಲ್ಲಿ ಈ ವರ್ಷ ಮನೆ ಹಿಡಿದವರು ಮೊದಲು ತಿಳಿಯಬೇಕಾದ್ದು ಇದನ್ನೇ.

ಬ್ರಿಟಿಷರ ಕಾಲದ ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿದಿರುವ ಹೊತ್ತಿಗೆ ಲೆಕ್ಕಹಾಕಿ ಕಟ್ಟಿದ್ದರು. ಉಬ್ಬರ ನಾಲ್ಕೂವರೆ ಮೀಟರ್ ದಾಟಿದಾಗಲೇ ಜೋರು ಮಳೆ ಹಿಡಿಯಿತೆಂದರೆ ನೀರು ನಿಂತೇ ನಿಲ್ಲುತ್ತದೆ. ಆದ್ದರಿಂದ ಮೋಡದ ಜೊತೆಗೆ ಉಬ್ಬರದ ವೇಳೆಯನ್ನೂ ನೋಡಿಕೊಂಡು ಹೊರಡಿ. ನಮ್ಮ ಮನೆಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಉಬ್ಬರದ ಪಟ್ಟಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಂಟಿರುತ್ತದೆ.

ಇನ್ನೊಂದು ಮಾತು. 2005ರ ಜುಲೈ 26ರಂದು ಉಪನಗರದ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದರೆ ದಕ್ಷಿಣದ ಕೊಲಾಬಾದಲ್ಲಿ ಸುರಿದದ್ದು ಸುಮಾರು 74. ಈ ಕಡೆಯ ಕಚೇರಿಗಳಲ್ಲಿದ್ದವರಿಗೆ ಉಪನಗರ ಮುಳುಗುತ್ತಿರುವುದು ಗೊತ್ತೇ ಆಗಲಿಲ್ಲ. ಎಂದಿನಂತೆ ಲೋಕಲ್ ಹತ್ತಿ ಹೊರಟರು, ದಾರಿಯಲ್ಲೇ ಸಿಕ್ಕಿಕೊಂಡರು. 2020ರ ಆಗಸ್ಟ್ 5ರಂದು ನಮ್ಮ ಸರದಿ: ಕೊಲಾಬಾದಲ್ಲಿ ಗಾಳಿ ಗಂಟೆಗೆ 106 ಕಿ.ಮೀ. ಮುಟ್ಟಿತು, ದಕ್ಷಿಣ ಮುಂಬಯಿಯೇ ಹೆಚ್ಚು ನೆನೆಯಿತು. ಕಿಟಕಿಯಾಚೆ ಕಂಡದ್ದನ್ನೇ ಇಡೀ ಮುಂಬಯಿಯ ಹವಾಮಾನ ಎಂದುಕೊಳ್ಳಬೇಡಿ. ಸೇರಬೇಕಾದ ಕಡೆಗೆ ಫೋನ್ ಮಾಡಿ ಕೇಳಿ, ಆಮೇಲೆ ಹೊರಡಿ.

ನಿಂತ ನೀರಲ್ಲಿ ನಡೆಯಬೇಡಿ. 2017ರ ಆಗಸ್ಟ್ 29ರ ಜೋರು ಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ಪ್ರಭಾದೇವಿಯ ಬಳಿ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ತೀರಿಕೊಂಡರು. ಮೊಣಕಾಲಿಗೆ ನೀರು ಬಂತೆಂದರೆ ಯಾವುದಾದರೂ ಮೆಟ್ಟಿಲು ಹತ್ತಿ ನಿಲ್ಲಿ. ತಡವಾಗಿ ಮನೆ ಸೇರಿದರೆ ಯಾರೂ ಬೈಯುವುದಿಲ್ಲ.

ಆದರೆ ನನಗೆ ನೀರಿಗಿಂತ ಗೋಡೆಯ ಭಯ ಹೆಚ್ಚು. 2017ರ ಆ ಮಳೆಯಾಗಿ ಎರಡೇ ದಿನಕ್ಕೆ ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿಯಿತು. ಮೂವತ್ತಕ್ಕೂ ಹೆಚ್ಚು ಜನ ಹೋದರು. 2024ರ ಜುಲೈ 20ರಂದು ನಮ್ಮ ಗ್ರಾಂಟ್ ರೋಡಿನಲ್ಲೇ ರುಬಿನಿಸಾ ಮಂಜಿಲ್‌ನ ಬಾಲ್ಕನಿ ಕಳಚಿಬಿದ್ದು ಒಬ್ಬರು ಸತ್ತರು. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಮರದ ತೊಲೆಗಳೇ ಆಧಾರ. ವರ್ಷಗಟ್ಟಲೆ ನೀರು ಕುಡಿದ ತೊಲೆ ಒಳಗೊಳಗೇ ಲಡ್ಡಾಗುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದಾಗಿರುತ್ತದೆ. ಬಾಡಿಗೆ ಮಾತಾಡುವಾಗ ಮೆಟ್ಟಿಲ ಕೆಳಗೆ ಇಣುಕಿ: ಟೇಕು ಕೊಟ್ಟಿದ್ದಾರೆಯೇ? ಮಳೆಗಾಲಕ್ಕೆ ಮುಂಚೆ ವಸತಿ ಮಂಡಳಿ ಮ್ಹಾಡಾ ಪ್ರಕಟಿಸುವ ಅಪಾಯಕಾರಿ ಕಟ್ಟಡಗಳ ಪಟ್ಟಿಯಲ್ಲಿ ಹೆಸರಿದೆಯೇ? ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಂಡರೆ, ಸುಮ್ಮಸುಮ್ಮನೆ ಗಾರೆಪುಡಿ ಉದುರಿದರೆ, ಮಕ್ಕಳನ್ನು ಎತ್ತಿಕೊಂಡು ಮೊದಲು ಕೆಳಗಿಳಿಯಿರಿ. ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡುವುದು ಆಮೇಲೆ.

ಪಗಡಿ ಕೊಟ್ಟು ಹಳೇ ಬಾಡಿಗೆಯಲ್ಲೇ ತಲೆಮಾರುಗಳಿಂದ ಇರುವವರು ಜಾಗ ಬಿಡಲು ಹೆದರುವುದು ನನಗೆ ಗೊತ್ತು. ಒಮ್ಮೆ ಹೊರಗೆ ಕಾಲಿಟ್ಟರೆ ಮೂರು ತಲೆಮಾರಿನ ಖೋಲಿ ಕೈತಪ್ಪೀತೆಂಬ ಅಂಜಿಕೆ. ಹಾಗಾಗಿ ಬಾಡಿಗೆ ರಸೀದಿ, ಕರೆಂಟ್ ಬಿಲ್, ಮನೆಯ ಅಳತೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹಿಂದೆ ತೂಗುಹಾಕಿಡಿ. ಕಾಗದ ಕೈಯಲ್ಲಿದ್ದರೆ ಇಳಿಯಲು ಕಾಲು ತಡೆಯುವುದಿಲ್ಲ.

ನಮ್ಮ ಅಡುಗೆಮನೆಯ ಗೋಡೆಯಲ್ಲೊಂದು ಬಿರುಕಿದೆ. ಅದರ ತುದಿಗೆ ಪೆನ್ಸಿಲ್‌ನಲ್ಲಿ ಗೀಟು ಎಳೆದು ತಾರೀಕು ಬರೆದಿದ್ದೇವೆ. ಪ್ರತಿ ಭಾನುವಾರ ಕುಕ್ಕರ್ ಇಟ್ಟ ಮೇಲೆ ನನ್ನ ಹೆಂಡತಿ ಸ್ಟೂಲ್ ಹತ್ತಿ ನೋಡುತ್ತಾಳೆ, ಬಿರುಕು ಗೀಟು ದಾಟಿದೆಯೇ ಎಂದು.